‘ನನ್ನ ಅಭಿಪ್ರಾಯ’ ಎಂಬ ಮಾತಿನ ತೂಕ

ಪ್ರತಿದಿನ ಬೆಳಿಗ್ಗೆ ಕಾರ್ಯಾಲಯದ ಬಾಗಿಲು ತೆರೆದೊಡನೆ ವಾಚಕರ ಪತ್ರಗಳನ್ನು ಓದುವುದು ನಮ್ಮ ಕೆಲಸಗಳಲ್ಲಿ ಮೊದಲನೆಯದು. ಕೆಲವು ಪತ್ರಗಳು ಅಂಚೆಯಲ್ಲಿ ಬರುತ್ತವೆ. ಹೆಚ್ಚಿನವು ಈಗ ಮೊಬೈಲು ಫೋನಿನ ಮೂಲಕವೇ ಬರುತ್ತವೆ. ದಾರಿ ಯಾವುದೇ ಇರಲಿ, ಹತ್ತು ಪತ್ರಗಳಲ್ಲಿ ಆರೇಳಾದರೂ ಒಂದೇ ಮಾತಿನಿಂದ ಆರಂಭವಾಗುತ್ತವೆ: ‘ನನ್ನ ಅಭಿಪ್ರಾಯದಲ್ಲಿ.’ ಊರಿಗೆ ಹೋಗುವ ರೈಲು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲವೆಂಬ ದೂರಿಗೂ ಇದೇ ಪೀಠಿಕೆ. ಸಂಘದ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಭಾಗವತರ ಪದ ಇಂಪಾಗಿತ್ತೆಂಬ ಮೆಚ್ಚುಗೆಗೂ ಇದೇ ಪೀಠಿಕೆ. ಇಂಥವರು ಇಂಥ ಹಣವನ್ನು ನುಂಗಿದರೆಂಬ ಆಪಾದನೆಗೂ ಇದೇ ಪೀಠಿಕೆ. ಮೂರೂ ಒಂದೇ ಜಾತಿಯ ಮಾತುಗಳಲ್ಲ. ಮೊದಲನೆಯದು ಗಡಿಯಾರ ನೋಡಿ ಹೇಳಬೇಕಾದ ಸಂಗತಿ. ಎರಡನೆಯದು ನಿಜವಾದ ಅಭಿಪ್ರಾಯ. ಮೂರನೆಯದು ಲೆಕ್ಕದ ಪುಸ್ತಕ ನೋಡಿ ರುಜುವಾತುಪಡಿಸಬೇಕಾದ ಆರೋಪ. ಆದರೂ ಮೂವರು ಪತ್ರಲೇಖಕರೂ ಒಂದೇ ಕೊಡೆಯ ಕೆಳಗೆ ನಿಂತುಕೊಳ್ಳುತ್ತಾರೆ.

ಈ ಶಬ್ದದ ಬಳಕೆ ಎಷ್ಟು ವಿಸ್ತಾರವಾದುದೆಂಬುದನ್ನು ನಾವು ಯಾರೂ ನಿಂತು ಯೋಚಿಸುವುದಿಲ್ಲ. ವೈದ್ಯರು ಶಸ್ತ್ರಕ್ರಿಯೆ ಆಗಬೇಕೆಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುತ್ತೇವೆ. ಇಲ್ಲಿ ಅದರ ಅರ್ಥ ಜ್ಞಾನ. ಮಗ ಊರಲ್ಲಿ ಜಾಗ ಕೊಳ್ಳುವಾಗ ತಂದೆಯ ಅಭಿಪ್ರಾಯ ಕೇಳುತ್ತಾನೆ. ಇಲ್ಲಿ ಅದರ ಅರ್ಥ ಒಪ್ಪಿಗೆ. ಮೇಲಧಿಕಾರಿಯು ಎಲ್ಲವನ್ನೂ ತೀರ್ಮಾನಿಸಿಯಾದ ಮೇಲೆ ಕೈಕೆಳಗಿನವರನ್ನು ಕರೆದು ‘ನಿಮ್ಮ ಅಭಿಪ್ರಾಯವೇನು?’ ಎನ್ನುತ್ತಾನೆ, ಇಲ್ಲಿ ಅದಕ್ಕೆ ಅರ್ಥವೇ ಇಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕಾಫಿ ಕುಡಿದು ಎದ್ದು, ‘ಊರಿಗೆ ಹೋಗಿ ಅಭಿಪ್ರಾಯ ತಿಳಿಸುತ್ತೇವೆ’ ಎಂದರೆ, ಅದರ ಅರ್ಥ ಹೆಣ್ಣಿನ ತಾಯಿಗೆ ಆಗಲೇ ತಿಳಿದಿರುತ್ತದೆ.

ಇಷ್ಟು ಕಡೆ ಸಲ್ಲುವ ಶಬ್ದವನ್ನು ಎಲ್ಲಿ ಹೇಗೆ ಬಳಸಬೇಕೆಂಬ ವಿವೇಕ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾವು ಒಮ್ಮೆ ಕೈಸುಟ್ಟುಕೊಂಡು ಕಲಿತಿದ್ದೇವೆ. ಆ ಕಥೆಯನ್ನು ಕೊನೆಗೆ ಹೇಳುತ್ತೇವೆ. ಅದಕ್ಕೆ ಮೊದಲು ಶಬ್ದದ ಬುಡವನ್ನು ಸ್ವಲ್ಪ ಅಗೆದು ನೋಡುವುದು ಉಚಿತ.

ಶಬ್ದದ ಹುಟ್ಟು

‘ಅಭಿಪ್ರಾಯ’ವು ಸಂಸ್ಕೃತದಿಂದ ಬಂದ ಮಾತು. ‘ಅಭಿ’, ‘ಪ್ರ’ ಎಂಬ ಎರಡು ಉಪಸರ್ಗಗಳು. ‘ಇ’ ಎಂಬುದು ಧಾತು. ಈ ಧಾತುವಿಗೆ ‘ಹೋಗು’ ಎಂದರ್ಥ. ಒಂದರ ಕಡೆಗೆ ಮುಂದಾಗಿ ಹೋಗುವುದು, ಸಮೀಪಿಸುವುದು ಎಂಬುದೇ ಶಬ್ದದ ಮೂಲಾರ್ಥ. ಅಲ್ಲಿಂದ ಉದ್ದೇಶ, ಆಶಯ, ತಾತ್ಪರ್ಯ ಎಂಬ ಅರ್ಥಗಳು ಬೆಳೆದುವು. ಸಂಸ್ಕೃತ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಪಂಡಿತರು ಒಂದು ಶ್ಲೋಕವನ್ನು ಬಿಡಿಸಿ ಹೇಳಿದ ಮೇಲೆ ‘ಇತ್ಯಭಿಪ್ರಾಯಃ’ ಎಂದು ಮುಗಿಸುವುದುಂಟು. ಇದು ವ್ಯಾಖ್ಯಾನಕಾರನ ಸ್ವಂತ ಅನಿಸಿಕೆಯಲ್ಲ. ಕವಿಯ ಮನಸ್ಸಿನಲ್ಲಿ ಇದ್ದುದು ಇದು ಎಂಬ ಅರ್ಥ. ಹೀಗೆ ನೋಡಿದರೆ ಅಂದು ಅಭಿಪ್ರಾಯ ಹೇಳುವುದೆಂದರೆ ಇನ್ನೊಬ್ಬನ ಮಾತಿನ ಹತ್ತಿರಕ್ಕೆ ಹೋಗಿ, ಅವನು ಏನು ಹೇಳಿದನೆಂಬುದನ್ನು ತಿಳಿದು ಬರುವುದಾಗಿತ್ತು. ಇಂದು ಅದು ನಾವು ಏನು ಎಣಿಸುತ್ತೇವೆಂಬುದನ್ನು ಮಾತ್ರ ಹೇಳುವುದಾಗಿದೆ. ಶಬ್ದ ಅದೇ ಉಳಿದಿದೆ. ನಡಿಗೆ ಮಾತ್ರ ನಿಂತಿದೆ. ಸ್ಥಳಕ್ಕೆ ಹೋಗದೆ, ಕಾಗದ ನೋಡದೆ, ಎದುರಿನವನ ಮಾತು ಕೇಳದೆ, ಕುಳಿತಲ್ಲಿಯೇ ಅಭಿಪ್ರಾಯ ಹೊರಡಿಸುವ ರೂಢಿಯು ಈ ಶಬ್ದದ ಹುಟ್ಟಿಗೇ ವಿರುದ್ಧವಾದುದು.

ನಮ್ಮ ಹಿಂದಿನವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರು. ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷ, ಅನಂತರ ಸಿದ್ಧಾಂತ. ಎದುರಾಳಿಯ ವಾದವನ್ನು ಅವನೇ ಮೆಚ್ಚುವಷ್ಟು ಸರಿಯಾಗಿ ಹೇಳಿ, ಆ ಮೇಲೆ ಖಂಡಿಸಬೇಕು. ಅಲ್ಲದೆ, ಅಭಿಪ್ರಾಯಕ್ಕೆ ಒಡೆಯನ ಹೆಸರು ಇರಬೇಕು. ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ಶಾಕಲ್ಯ, ಗಾರ್ಗ್ಯ, ಶಾಕಟಾಯನ ಮುಂತಾದ ಹಿಂದಿನ ವೈಯಾಕರಣರ ಮತಗಳನ್ನು ಅವರವರ ಹೆಸರು ಹಿಡಿದೇ ಹೇಳುತ್ತಾನೆ.

ಇದಕ್ಕಿಂತ ಸ್ವಾರಸ್ಯವಾದ ಉದಾಹರಣೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅಮಾತ್ಯರನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆ ಅದರಲ್ಲಿ ಬರುತ್ತದೆ. ಜೊತೆಗೆ ಓದಿದವರನ್ನು ನೇಮಿಸಬೇಕು, ಅವರ ಯೋಗ್ಯತೆ ರಾಜನಿಗೆ ಗೊತ್ತಿರುತ್ತದೆ ಎಂದು ಭಾರದ್ವಾಜನ ಮತ. ಕೂಡದು, ಜೊತೆಯಲ್ಲಿ ಆಡಿದವರು ರಾಜನನ್ನು ಹಗುರವಾಗಿ ಕಾಣುತ್ತಾರೆ ಎಂದು ವಿಶಾಲಾಕ್ಷನ ಮತ. ಹೀಗೆ ಒಬ್ಬರಾದ ಮೇಲೊಬ್ಬರು ಆಚಾರ್ಯರು ತಮ್ಮ ಮತವನ್ನೂ ಅದಕ್ಕೆ ಕಾರಣವನ್ನೂ ಹೇಳುತ್ತ ಹೋಗುತ್ತಾರೆ. ಕೊನೆಯಲ್ಲಿ ಕೌಟಿಲ್ಯನು, ಇವೆಲ್ಲಕ್ಕೂ ಯುಕ್ತಿಯುಂಟು, ಆದರೆ ಮನುಷ್ಯನ ಸಾಮರ್ಥ್ಯ ಅವನ ಕೆಲಸದಿಂದ ತಿಳಿಯತಕ್ಕದ್ದು ಎಂಬರ್ಥದಲ್ಲಿ ತೀರ್ಮಾನ ಕೊಡುತ್ತಾನೆ. ತಾನು ಒಪ್ಪದ ಮತವನ್ನೂ ಹೆಸರು, ಕಾರಣ ಸಹಿತವಾಗಿ ಉಳಿಸಿಕೊಟ್ಟ ಈ ಪದ್ಧತಿಯನ್ನು ನೋಡಿದರೆ, ‘ಒಬ್ಬ ಸದಸ್ಯ’, ‘ಒಬ್ಬ ಹಿತೈಷಿ’ ಎಂಬ ಅಡ್ಡಹೆಸರಿನ ಪತ್ರಗಳನ್ನು ಬರೆಯುವವರಿಗೆ ನಾಚಿಕೆಯಾಗಬೇಕು.

ಒಂದು ಮಾತಿಗೆ ಮೂರು ಮುಖ

ಇಲ್ಲಿ ನಾವು ‘ಮತ’ ಎಂಬ ಇನ್ನೊಂದು ಶಬ್ದವನ್ನು ಬಳಸಿದೆವು. ಅಭಿಪ್ರಾಯಕ್ಕೆ ಇದು ಹತ್ತಿರದ ದಾಯಾದಿ. ‘ಮನ್’ ಅಂದರೆ ಎಣಿಸು ಎಂಬ ಧಾತುವಿನಿಂದ ಹುಟ್ಟಿದ ಇದಕ್ಕೆ ಎಣಿಸಲ್ಪಟ್ಟದ್ದು ಎಂಬುದೇ ಅರ್ಥ. ಆದರೆ ಕನ್ನಡದಲ್ಲಿ ಅದು ಮೂರು ಮುಖಗಳನ್ನು ತಾಳಿದೆ. ‘ನನ್ನ ಮತವೂ ಅದೇ’ ಎಂದಾಗ ಅಭಿಪ್ರಾಯ. ‘ಅವರ ಮತ ಬೇರೆ’ ಎಂದಾಗ ಧರ್ಮ, ಸಂಪ್ರದಾಯ. ‘ಮತ ಹಾಕಿ ಬಂದೆ’ ಎಂದಾಗ ಓಟು. ಒಮ್ಮತ, ಬಹುಮತ, ಭಿನ್ನಮತ, ಮತಾಂತರ, ಮತದಾನ ಎಲ್ಲವೂ ಒಂದೇ ಬೇರಿನ ಚಿಗುರುಗಳು.

ಪರಸ್ಥಳದಲ್ಲಿ ನೆಲಸಿದ ನಮಗೆ ಇದರ ವಿಚಿತ್ರ ಇನ್ನೂ ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಮುಂಬಯಿ, ಪುಣೆಗಳ ಮರಾಠಿಯಲ್ಲಿ ‘ಮತ’ವೆಂದರೆ ಸಾಮಾನ್ಯವಾಗಿ ಅಭಿಪ್ರಾಯ ಮತ್ತು ಓಟು, ಧರ್ಮಕ್ಕೆ ಅವರು ಧರ್ಮವೆಂದೇ ಹೇಳುತ್ತಾರೆ. ಚೆನ್ನೈಗೆ ಹೋದರೆ ತಮಿಳಿನಲ್ಲಿ ‘ಮದಂ’ ಎಂಬುದು ಧರ್ಮ; ಅಭಿಪ್ರಾಯಕ್ಕೆ ‘ಕರುತ್ತು’, ಓಟಿಗೆ ‘ವಾಕ್ಕು’. ಹೈದರಾಬಾದಿನ ತೆಲುಗಿನಲ್ಲಿ ‘ಮತಂ’ ಧರ್ಮ, ‘ಅಭಿಪ್ರಾಯಂ’ ಅಭಿಪ್ರಾಯ, ಓಟಿಗೆ ಓಟೇ. ದಿಲ್ಲಿಯ ಹಿಂದಿಯಲ್ಲಿ ‘ರಾಯ್’. ಅದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು, ಅಭಿಪ್ರಾಯಕ್ಕೂ ಸಲಹೆಗೂ ಒದಗುತ್ತದೆ. ಈ ನಾಲ್ಕು ದಿಕ್ಕುಗಳ ನಡುವೆ ನಿಂತ ಕನ್ನಡವು ಮೂರು ಅರ್ಥಗಳನ್ನೂ ಒಂದೇ ಮಡಿಲಿನಲ್ಲಿ ಕಟ್ಟಿಕೊಂಡಿದೆ.

ಮಾತು ಒಂದಾದುದರಿಂದ ಮನಸ್ಸಿನಲ್ಲಿಯೂ ಮೂರು ಒಂದಾಗುವ ಅಪಾಯವಿದೆ. ಹುಟ್ಟಿನಿಂದ ಬಂದ ಧರ್ಮವನ್ನು ಬದಲಿಸೆಂದು ಯಾರೂ ದಿನಕ್ಕೊಮ್ಮೆ ಕೇಳುವುದಿಲ್ಲ. ಆದರೆ ಅಭಿಪ್ರಾಯವು ಹೊಸ ಸಂಗತಿ ತಿಳಿದಾಗ ಬದಲಾಗಲೇಬೇಕು. ಬದಲಾಗದಿದ್ದರೆ ಅದು ಹಟ. ನಮ್ಮಲ್ಲಿ ಎಷ್ಟೋ ಜನ ತಮ್ಮ ಅಭಿಪ್ರಾಯವನ್ನು ಧರ್ಮದಂತೆ ಕಾಪಾಡುತ್ತಾರೆ. ಅದನ್ನು ಯಾರಾದರೂ ಪ್ರಶ್ನಿಸಿದರೆ ಮನೆದೇವರನ್ನೇ ಅವಮಾನಿಸಿದಂತೆ ಎದ್ದು ನಿಲ್ಲುತ್ತಾರೆ. ಸಂಘಗಳ ಮಹಾಸಭೆಗಳು ಒಡೆಯುವುದು ಹೆಚ್ಚಾಗಿ ಇದರಿಂದಲೇ. ಸಭಾಂಗಣ ಈ ವರ್ಷ ಕಟ್ಟೋಣವೋ, ಬರುವ ವರ್ಷ ಕಟ್ಟೋಣವೋ ಎಂಬ ಮಾತಿನಲ್ಲಿ ಧರ್ಮಕ್ಕೆ ಏನು ಸಂಬಂಧ? ಆದರೂ ಆ ಒಂದು ಮಾತಿಗಾಗಿ ಇಪ್ಪತ್ತು ವರ್ಷಗಳ ಸ್ನೇಹಿತರು ಮುಖ ತಿರುಗಿಸಿಕೊಂಡುದನ್ನು ನಾವು ಕಂಡಿದ್ದೇವೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಒಂದು ಮಾತಿದೆ. ‘ಕಸವರ’ವೆಂದರೆ ಹಳಗನ್ನಡದಲ್ಲಿ ಚಿನ್ನ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಕಸವರವೆಂಬುದು ಅದರ ತಾತ್ಪರ್ಯ. ವಿಚಾರ ಬೇರೆ, ಧರ್ಮ ಬೇರೆ ಎಂದು ಎರಡನ್ನೂ ಪ್ರತ್ಯೇಕವಾಗಿ ಹೇಳಿ, ಎರಡಕ್ಕೂ ಸೈರಣೆ ಬೇಕೆಂದದ್ದು ನಮಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ.

ಎಣಿಸುವ ಅಭಿಪ್ರಾಯ, ತೂಗುವ ಅಭಿಪ್ರಾಯ

ಇನ್ನು ಸಾರ್ವಜನಿಕ ಜೀವನಕ್ಕೆ ಬರೋಣ. ಇಲ್ಲಿ ಅಭಿಪ್ರಾಯವನ್ನು ಕೆಲವೊಮ್ಮೆ ಕೇಳುತ್ತಾರೆ, ಕೆಲವೊಮ್ಮೆ ಎಣಿಸುತ್ತಾರೆ, ಕೆಲವೊಮ್ಮೆ ತೂಗುತ್ತಾರೆ.

ಕೇಳುವುದಕ್ಕೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ನೆನೆಯಬಹುದು. ದಿವಾನ್ ಸಿ. ರಂಗಾಚಾರ್ಲು ಅವರು 1881ರ ದಸರೆಯ ಸಂದರ್ಭದಲ್ಲಿ ಇದನ್ನು ಕೂಡಿಸಿದರು. ಊರೂರುಗಳಿಂದ ಬಂದ ಪ್ರತಿನಿಧಿಗಳು ತಮ್ಮ ಕಷ್ಟಗಳನ್ನೂ ಅಭಿಪ್ರಾಯಗಳನ್ನೂ ಹೇಳಬಹುದಾಗಿತ್ತು. ಶಾಸನ ಮಾಡುವ ಅಧಿಕಾರ ಅವರಿಗೆ ಆಗ ಇರಲಿಲ್ಲ. ಬರಿಯ ಮಾತು ಎಂದು ನಗುವವರು ನಗಬಹುದು. ಆದರೆ ಹೇಳಿಕೊಳ್ಳುವ ಅಭ್ಯಾಸ ಮೊದಲಾಗದೆ ಆಳಿಕೊಳ್ಳುವ ಅಭ್ಯಾಸ ಬರುವುದಿಲ್ಲ.

ಎಣಿಸುವುದಕ್ಕೆ ಗೋವೆಯ ಉದಾಹರಣೆ ಉಂಟು. 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ ಗೋವೆಯು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೋ ಎಂಬ ಪ್ರಶ್ನೆಯನ್ನು 1967ರ ಜನವರಿ 16ರಂದು ಜನರ ಮುಂದೆಯೇ ಇಡಲಾಯಿತು. ಶಾಸನದಲ್ಲಿ ಅದಕ್ಕೆ ಕೊಟ್ಟ ಹೆಸರು ‘ಒಪೀನಿಯನ್ ಪೋಲ್’, ಅಂದರೆ ಅಭಿಪ್ರಾಯದ ಮತಗಣನೆ. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕವಾಗಿ ಉಳಿಯುವುದಕ್ಕೆ ಎರಡೆಲೆಯ ಗುರುತು. ಪ್ರತ್ಯೇಕವಾಗಿರಬೇಕೆಂದವರು 1,72,191, ವಿಲೀನವಾಗಬೇಕೆಂದವರು 1,38,170. ಅಂತರ 34,021. ಗಣನೆ ನ್ಯಾಯವಾಗಿ ನಡೆಯಲೆಂದು ವಿಲೀನವಾದಿಗಳಾದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರರ ಸರಕಾರವು ಅದಕ್ಕೆ ಮೊದಲೇ ರಾಜೀನಾಮೆ ಕೊಟ್ಟಿತ್ತು.

ಇಲ್ಲಿಯವರೆಗಿನ ಕಥೆ ಹಲವರಿಗೆ ಗೊತ್ತು. ಮುಂದಿನದು ಇನ್ನೂ ಮುಖ್ಯವಾದುದು. ಅದೇ ವರ್ಷದ ಮಾರ್ಚಿಯಲ್ಲಿ ವಿಧಾನಸಭೆಯ ಚುನಾವಣೆ ನಡೆದಾಗ ಜನರು ಅದೇ ಬಾಂದೋಡ್ಕರರ ಪಕ್ಷವನ್ನು ಗೆಲ್ಲಿಸಿದರು. ಅವರೇ ಪುನಃ ಮುಖ್ಯಮಂತ್ರಿಗಳಾದರು. ಅವರ ಒಂದು ಅಭಿಪ್ರಾಯವನ್ನು ತಿರಸ್ಕರಿಸಿದ ಜನ ಮನುಷ್ಯನನ್ನು ತಿರಸ್ಕರಿಸಲಿಲ್ಲ. ಅಭಿಪ್ರಾಯವನ್ನೂ ಅದನ್ನು ಹೇಳಿದವನನ್ನೂ ಬೇರೆ ಬೇರೆಯಾಗಿ ಕಾಣುವ ಈ ವಿವೇಕ ನಮ್ಮ ಸಂಘಗಳ ಸಭೆಗಳಿಗೂ ಬಂದರೆ ಎಷ್ಟು ಮನೆಗಳ ನೆಮ್ಮದಿ ಉಳಿದೀತು!

ಆದರೆ ಎಣಿಕೆಯೇ ಸರ್ವಸ್ವವೆಂದು ತಿಳಿಯುವುದೂ ತಪ್ಪು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಮುಂಚೆ ಅಲ್ಲಿನ ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳುಹಿಸಿ, 20 ಲಕ್ಷಕ್ಕೂ ಮಿಕ್ಕಿದ ಉತ್ತರಗಳನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಪತ್ರಿಕೆಯು ವಿಳಾಸಗಳನ್ನು ಆರಿಸಿದ್ದು ಟೆಲಿಫೋನು, ಮೋಟಾರು ಕಾರು ಇದ್ದವರ ಪಟ್ಟಿಗಳಿಂದ. ಬಡವರ ಬಾಗಿಲಿಗೆ ಕಾರ್ಡು ಹೋಗಲೇ ಇಲ್ಲ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಂಬವರು ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು, ಆದರೆ ಎಲ್ಲ ವರ್ಗಗಳಿಂದ ಆರಿಸಿ ಕೇಳಿ, ಗೆಲ್ಲುವವರು ಯಾರೆಂಬುದನ್ನು ಸರಿಯಾಗಿ ಹೇಳಿದರು. ಎಷ್ಟು ಜನ ಹೇಳಿದರೆಂಬುದಕ್ಕಿಂತ ಯಾರನ್ನು ಕೇಳಿದಿರಿ ಎಂಬುದು ದೊಡ್ಡದು. ನಮ್ಮಲ್ಲಿ ನಾಲ್ಕು ಜನ ಗೆಳೆಯರು ಒಂದು ಮೇಜಿನ ಸುತ್ತ ಕುಳಿತು ಚಹ ಕುಡಿದು ಎದ್ದ ಕೂಡಲೇ ‘ಇಡೀ ಸಮಾಜದ ಅಭಿಪ್ರಾಯ ಇದು’ ಎನ್ನುವುದುಂಟಲ್ಲ, ಅದೂ ಇದೇ ಜಾತಿಯ ತಪ್ಪು.

ತೂಗುವುದು ನ್ಯಾಯಾಲಯದ ಕೆಲಸ. ಸಂವಿಧಾನದ 143ನೆಯ ಅನುಚ್ಛೇದದ ಪ್ರಕಾರ ರಾಷ್ಟ್ರಪತಿಗಳು ಒಂದು ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಿ ಅಭಿಪ್ರಾಯ ಕೇಳಬಹುದು. ಆಗ ಬರುವ ಉತ್ತರಕ್ಕೆ ತೀರ್ಪೆಂದು ಹೆಸರಿಲ್ಲ, ಅಭಿಪ್ರಾಯವೆಂದೇ ಹೆಸರು. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆಜ್ಞೆಗೆ ಎದುರಾಗಿ ಕರ್ನಾಟಕ ಸರಕಾರ 1991ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಅದೇ ವರ್ಷದ ನವೆಂಬರದಲ್ಲಿ ಆ ನ್ಯಾಯಾಲಯ ಕೊಟ್ಟುದು ಇಂಥ ಅಭಿಪ್ರಾಯವೇ. ಅದು ನಮಗೆ ರುಚಿಸಿತೋ ಇಲ್ಲವೋ ಎಂಬುದು ಬೇರೆ ಮಾತು. ಪುಟಪುಟಗಳ ಕಾರಣ ಸಹಿತವಾಗಿ ಬಂದ ಅಭಿಪ್ರಾಯ ಅದು. ಇನ್ನೊಂದು ಸಂದರ್ಭದಲ್ಲಿ, ಅಯೋಧ್ಯೆಯ ವಿವಾದಿತ ಸ್ಥಳದಲ್ಲಿ ಹಿಂದೆ ದೇವಾಲಯವಿತ್ತೇ ಎಂಬ ಪ್ರಶ್ನೆಯನ್ನು ಒಪ್ಪಿಸಿದಾಗ, ನ್ಯಾಯಾಲಯವು 1994ರಲ್ಲಿ ಉತ್ತರ ಕೊಡದೆಯೇ ಅದನ್ನು ಹಿಂದಿರುಗಿಸಿತು. ದೇಶದ ಅತ್ಯುಚ್ಚ ನ್ಯಾಯಪೀಠವೇ ‘ಈ ಪ್ರಶ್ನೆಗೆ ನಾವು ಅಭಿಪ್ರಾಯ ಕೊಡುವುದಿಲ್ಲ’ ಎನ್ನಬಹುದಾದರೆ, ಎಲ್ಲ ವಿಷಯಗಳ ಮೇಲೆಯೂ ಬೆಳಗಾಗುವುದರೊಳಗೆ ಅಭಿಪ್ರಾಯ ಹೊಂದಿರಲೇಬೇಕೆಂಬ ಕಟ್ಟಳೆ ನಮಗೇಕೆ?

ಕಾನೂನಿನ ಗೆರೆ

ಸಾಕ್ಷಿ ಕಟ್ಟೆಯಲ್ಲಿ ನಿಂತವನು ಕಂಡದ್ದನ್ನು, ಕೇಳಿದ್ದನ್ನು ಹೇಳಬೇಕೇ ಹೊರತು ತನ್ನ ಅಭಿಪ್ರಾಯವನ್ನಲ್ಲ ಎಂಬುದು ನ್ಯಾಯಾಲಯಗಳ ಸಾಮಾನ್ಯ ನಿಯಮ. ಕೈಬರಹ, ಬೆರಳಚ್ಚು, ವೈದ್ಯ ಮುಂತಾದ ವಿಷಯಗಳಲ್ಲಿ ಪರಿಣತರಾದವರ ಅಭಿಪ್ರಾಯಕ್ಕೆ ಮಾತ್ರ ವಿನಾಯಿತಿ. ಅದಕ್ಕೂ ಆಧಾರವೇನೆಂದು ಕೇಳಬಹುದು. 1872ರ ಸಾಕ್ಷ್ಯ ಕಾಯಿದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಹೊಸ ಕಾಯಿದೆ ಬಂದಿದ್ದರೂ ಈ ನಿಯಮ ಬದಲಾಗಿಲ್ಲ.

ಮಾನಹಾನಿಯ ಕಾನೂನಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಗೆರೆಯಿದೆ. ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೆ 1860ರ ದಂಡ ಸಂಹಿತೆಯೇ ರಕ್ಷಣೆ ಕೊಟ್ಟಿತ್ತು. ಈಗಿನ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಅದನ್ನು ವಿವರಿಸುವ ದೃಷ್ಟಾಂತದ ಸಾರ ಹೀಗಿದೆ: ಒಬ್ಬನ ಪುಸ್ತಕವನ್ನು ಓದಿ, ಪುಸ್ತಕ ಹುರುಳಿಲ್ಲದ್ದು, ಬರೆದವನೂ ಬುದ್ಧಿ ಸಾಲದವನಿರಬೇಕು ಎಂದರೆ ತಪ್ಪಲ್ಲ, ಏಕೆಂದರೆ ಆ ಮಾತು ಪುಸ್ತಕವನ್ನೇ ಆಧರಿಸಿ ನಿಂತಿದೆ. ಅದರ ಬದಲು, ಮನುಷ್ಯನೇ ನಡತೆಗೆಟ್ಟವನು, ಅವನ ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವೇನು ಎಂದರೆ ರಕ್ಷಣೆಯಿಲ್ಲ. ಏಕೆಂದರೆ ಈ ಮಾತಿಗೆ ಪುಸ್ತಕದಲ್ಲಿ ಆಧಾರವಿಲ್ಲ, ಅದು ಹೊರಗಿನಿಂದ ತಂದು ಹೊರಿಸಿದ್ದು. ಎರಡೂ ಕಡೆಯ ಬೈಗುಳು ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಿರುವುದು ಕಾಲ ಕೆಳಗಿನ ನೆಲದಲ್ಲಿ.

ಈ ನೆಲದ ಬೆಲೆ ನಮಗೆ ಮೊದಲು ತಿಳಿದುದು ಕಾನೂನು ಪುಸ್ತಕದಿಂದಲ್ಲ. ನಾವು ಸಂಪಾದಕರ ಕುರ್ಚಿಗೆ ಬರುವುದಕ್ಕೆ ಮುಂಚೆ ಹೋಟೆಲಿನ ಗಲ್ಲಾದ ಹಿಂದೆ ಕುಳಿತವರು. ಅಲ್ಲಿ ಒಂದು ಅಭಿಪ್ರಾಯ ಪುಸ್ತಕವನ್ನು ದಾರ ಕಟ್ಟಿ ತೂಗಹಾಕಿದ್ದೆವು. ‘ಈ ಹೋಟೆಲು ಹಾಳಾಗಿದೆ’ ಎಂದು ಬರೆದವರು ಎಷ್ಟೋ ಮಂದಿ. ಅದರಿಂದ ನಮಗೆ ಸಿಟ್ಟು ಬಂತೇ ಹೊರತು ಪ್ರಯೋಜನವಾಗಲಿಲ್ಲ. ಒಂದು ದಿನ ಒಬ್ಬ ಹಳೆಯ ಗಿರಾಕಿ, ‘ಇಂದು ಬೆಳಿಗ್ಗೆ ಸಾಂಬಾರಿಗೆ ಹುಳಿ ಹೆಚ್ಚು, ನಿನ್ನೆಯವರೆಗೆ ಹೀಗಿರಲಿಲ್ಲ’ ಎಂದು ಬರೆದು ಹೆಸರು ಹಾಕಿ ಹೋಗಿದ್ದರು. ಪುಸ್ತಕವನ್ನು ಅಡಿಗೆಮನೆಗೆ ಒಯ್ದು ತೋರಿಸಿದೆವು. ಭಟ್ಟರು ಸಾಂಬಾರು ನೆಕ್ಕಿ ನೋಡಿ, ಹಿಂದಿನ ದಿನ ಒಡೆದ ಮೂಟೆಯ ಹುಣಿಸೆಹಣ್ಣನ್ನು ಬಾಯಿಗೆ ಹಾಕಿ, ‘ಧಣಿಗಳೇ, ಬರೆದವರು ನಾಲಗೆ ಇದ್ದವರು. ಇದು ಹೊಸ ಹಣ್ಣು, ಹುಳಿ ಜಾಸ್ತಿ. ನಾನು ಹಳೆಯ ಅಳತೆಯಲ್ಲೇ ಹಾಕಿದೆ’ ಎಂದರು. ಮಧ್ಯಾಹ್ನಕ್ಕೆ ಅಳತೆ ಬದಲಾಯಿತು. ಹತ್ತು ಬೈಗುಳು ಮಾಡದ ಕೆಲಸವನ್ನು ಒಂದು ಸಾಲು ಮಾಡಿತು. ಅದರಲ್ಲಿ ದಿನವಿತ್ತು, ಪದಾರ್ಥವಿತ್ತು, ಹೆಸರಿತ್ತು.

ನಮ್ಮ ತಪ್ಪು

ಇಷ್ಟು ತಿಳಿದಿದ್ದ ನಾವೇ ಎಡವಿದೆವು. ಪತ್ರಿಕೆಯ ಹೊಣೆ ಹೊತ್ತ ಮೊದಲ ವರ್ಷಗಳಲ್ಲಿ ನಮ್ಮ ಕನ್ನಡಿಗರ ಒಂದು ಸಂಘದ ಬಗ್ಗೆ ಪತ್ರವೊಂದು ಬಂತು. ‘ನನ್ನ ಅಭಿಪ್ರಾಯದಲ್ಲಿ ಕಟ್ಟಡ ನಿಧಿಯ ಹಣ ಕೋಶಾಧಿಕಾರಿಯ ಕೈಯಲ್ಲೇ ಕರಗಿದೆ’ ಎಂಬುದು ಅದರ ಮುಖ್ಯ ವಾಕ್ಯ. ಕೆಳಗೆ ‘ಒಬ್ಬ ಸದಸ್ಯ’ ಎಂದಿತ್ತು. ನಮ್ಮ ಮನಸ್ಸು ಅಳುಕದೆ ಇರಲಿಲ್ಲ. ಆದರೆ, ಅಭಿಪ್ರಾಯವೆಂದು ಬರೆದಿದ್ದಾರೆ, ಅಭಿಪ್ರಾಯಕ್ಕೆ ಸ್ವಾತಂತ್ರ್ಯ ಉಂಟಲ್ಲ ಎಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡು ಅಚ್ಚಿಗೆ ಕೊಟ್ಟೆವು. ಕೋಶಾಧಿಕಾರಿಯ ಹೆಸರು ಅದರಲ್ಲಿ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಸಂಘಕ್ಕೆ ಕೋಶಾಧಿಕಾರಿ ಒಬ್ಬರೇ.

ಮೂರನೆಯ ದಿನ ಅವರು ಒಂದು ಬಟ್ಟೆಯ ಚೀಲದಲ್ಲಿ ಲೆಕ್ಕದ ಪುಸ್ತಕಗಳನ್ನು ಹೊತ್ತುಕೊಂಡು ಕಾರ್ಯಾಲಯಕ್ಕೆ ಬಂದರು. ಏರುದನಿಯಲ್ಲಿ ಒಂದು ಮಾತೂ ಆಡಲಿಲ್ಲ. ಪುಸ್ತಕಗಳನ್ನು ಮೇಜಿನ ಮೇಲೆ ತೆರೆದಿಟ್ಟು, ‘ನೋಡಿ ಸ್ವಾಮಿ’ ಎಂದರು. ಉಳಿತಾಯ ಖಾತೆಯಲ್ಲಿದ್ದ ಹಣವನ್ನು ಕಾರ್ಯಕಾರಿ ಸಮಿತಿಯ ನಿರ್ಣಯದಂತೆ ಮುದ್ದತು ಠೇವಣಿಯಲ್ಲಿ ಇಡಲಾಗಿತ್ತು. ನಿರ್ಣಯದ ಪ್ರತಿಯಿತ್ತು, ಬ್ಯಾಂಕಿನ ರಸೀದಿಯಿತ್ತು, ಕಾಸಿಗೆ ಕಾಸು ಸರಿಯಿತ್ತು. ಉಳಿತಾಯದ ಪಾಸುಪುಸ್ತಕವನ್ನು ಮಾತ್ರ ಯಾರೋ ಎಲ್ಲಿಯೋ ಕಂಡು, ಉಳಿದುದನ್ನು ಊಹಿಸಿ ಬರೆದಿದ್ದರು. ಎತ್ತು ಈಯಿತು ಎಂದವರು ಅವರು. ಕೊಟ್ಟಿಗೆಗೆ ಕಟ್ಟಿದವರು ನಾವು.

‘ಇದು ಯಾರ ಅಭಿಪ್ರಾಯ ಸ್ವಾಮಿ? ಹೆಸರು ಹೇಳಿ. ನಾನು ಜಗಳಕ್ಕೆ ಹೋಗುವುದಿಲ್ಲ. ಅವರ ಮನೆಗೆ ಹೋಗಿ ಇದನ್ನೇ ತೋರಿಸಿ ಬರುತ್ತೇನೆ’ ಎಂದು ಅವರು ಕೇಳಿದರು. ಹೇಳಲು ನಮ್ಮಲ್ಲಿ ಹೆಸರಿರಲಿಲ್ಲ. ಹೆಸರಿಲ್ಲದ ಪತ್ರವನ್ನು ಅಚ್ಚು ಹಾಕಿದಾಗ ಅದು ಬರೆದವನ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಪತ್ರಿಕೆಯದೇ ಆಗುತ್ತದೆ ಎಂಬುದು ಆ ಕ್ಷಣದಲ್ಲಿ ನಮಗೆ ಹೊಳೆಯಿತು. ಮರುದಿನವೇ ಕ್ಷಮೆ ಕೇಳಿ ಪ್ರಕಟಿಸಿದೆವು. ಆದರೆ ಆಪಾದನೆಯನ್ನು ಓದಿದವರೆಲ್ಲರೂ ಕ್ಷಮಾಪಣೆಯನ್ನು ಓದುವುದಿಲ್ಲ. ಓದಿದವರಲ್ಲಿಯೂ ಕೆಲವರು ‘ಬೆಂಕಿಯಿಲ್ಲದೆ ಹೊಗೆಯಾಡುವುದೇ?’ ಎಂದರು.

ಅವರು ಆ ತಿಂಗಳಲ್ಲೇ ಹುದ್ದೆಗೆ ರಾಜೀನಾಮೆ ಕೊಟ್ಟರು. ಸಂಘದ ಕಟ್ಟಡ ಮುಂದೆ ಎದ್ದು ನಿಂತಿತು. ಅವರು ಕಾದಿಟ್ಟ ಹಣವೇ ಅದರ ಅಡಿಪಾಯಕ್ಕೆ ಹೋಯಿತು. ಪ್ರಾರಂಭೋತ್ಸವದ ದಿನ ನಾವು ಸಭೆಯಲ್ಲಿ ಅವರನ್ನು ಹುಡುಕಿದೆವು. ಬಂದಿರಲಿಲ್ಲ. ಅವರು ಇಂದಿಗೂ ನಮ್ಮ ಪತ್ರಿಕೆಯ ಚಂದಾದಾರರು. ಚಂದಾ ಪ್ರತಿವರ್ಷ ತಪ್ಪದೆ ಬರುತ್ತದೆ; ಒಂದು ಸಾಲು ಪತ್ರ ಎಂದೂ ಬರುವುದಿಲ್ಲ. ಬಿಟ್ಟುಬಿಟ್ಟಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಂದಿನಿಂದ ನಾವು ಮೂರು ಪ್ರಶ್ನೆಗಳನ್ನು ಕೇಳದೆ ಯಾವ ಅಭಿಪ್ರಾಯವನ್ನೂ ಅಚ್ಚಿಗೆ ಕೊಡುವುದಿಲ್ಲ. ಇದು ರುಚಿಯ ಮಾತೋ, ರುಜುವಾತಿನ ಮಾತೋ? ಹೇಳಿದವರ ಹೆಸರೇನು? ಇದು ಸುಳ್ಳೆಂದು ತಿಳಿದರೆ ಅವರು ಮಾತನ್ನು ಹಿಂದೆಗೆದುಕೊಳ್ಳಲು ಸಿದ್ಧರೋ? ಭಾಗವತರ ಪದ ಇಂಪಾಗಿತ್ತೋ ಇಲ್ಲವೋ ಎಂಬಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಅದಕ್ಕೆ ಲೆಕ್ಕದ ಪುಸ್ತಕವಿಲ್ಲ. ಭಾಗವತರು ಹಣ ತಿಂದರೆನ್ನುವಾಗ ‘ನನ್ನ ಅಭಿಪ್ರಾಯದಲ್ಲಿ’ ಎಂಬ ಪೀಠಿಕೆ ಯಾರನ್ನೂ ಕಾಪಾಡುವುದಿಲ್ಲ, ಕಾಪಾಡಲೂಬಾರದು. ಸಂಗತಿ ಬೇಕಾದಲ್ಲಿ ಅಭಿಪ್ರಾಯ ಕೊಡುವುದು ನಾಣ್ಯ ಕೊಡಬೇಕಾದಲ್ಲಿ ಬಿಲ್ಲೆ ಕೊಟ್ಟಂತೆ.

ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಅಚ್ಚುಕೂಟವಿದೆ. ಊರಿನ ಸಮಾಜದ ಗುಂಪು, ಕಟ್ಟಡದ ಗುಂಪು, ಶಾಲೆಯ ಗೆಳೆಯರ ಗುಂಪು ಎಂದು ವಾಟ್ಸಾಪಿನಲ್ಲಿ ಹತ್ತು ಗುಂಪುಗಳಿಗೆ ಒಂದೇ ಬ��ರಳಿನಿಂದ ಯಾರದೋ ಮಾತನ್ನು ದಾಟಿಸಬಹುದು. ಹೀಗೆ ದಾಟಿಸುವವರು ತಮ್ಮನ್ನು ಸಂಪಾದಕರೆಂದು ತಿಳಿಯುವುದಿಲ್ಲ. ಆದರೆ ನಾವು ಅಂದು ಮಾಡಿದ ಕೆಲಸವನ್ನೇ ಅವರೂ ಮಾಡುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಾಣದೆಯೇ ಇದ್ದುದನ್ನು ಎಷ್ಟು ಸಲ ಪ್ರಮಾಣಿಸಬೇಕು!

ಅಭಿಪ್ರಾಯವಿಲ್ಲದ ಸಮಾಜ ಮೂಕವಾಗುತ್ತದೆ ಎಂಬುದನ್ನು ನಾವು ಮರೆತಿಲ್ಲ. ಪರಸ್ಥಳದ ಕನ್ನಡಿಗರು ಸಂಘ ಕಟ್ಟಿದ್ದು, ಶಾಲೆ ತೆರೆದದ್ದು, ಪತ್ರಿಕೆ ನಡೆಸಿದ್ದು ಎಲ್ಲವೂ ಯಾರೋ ಒಬ್ಬರು ಎದ್ದು ನಿಂತು ‘ನನಗೆ ಹೀಗೆ ಅನಿಸುತ್ತದೆ’ ಎಂದುದರಿಂದಲೇ. ಅವರು ಹೆಸರು ಹೇಳಿ ನಿಂತರು, ಕಾರಣ ಹೇಳಿ ಕುಳಿತರು, ತಪ್ಪೆಂದು ತಿಳಿದಾಗ ತಿದ್ದಿಕೊಂಡರು. ಆ ಮೂರೂ ಇದ್ದಲ್ಲಿ ಅಭಿಪ್ರಾಯಕ್ಕೆ ತೂಕ ಬರುತ್ತದೆ.

ಈ ಲೇಖನದ ಮೇಲೆಯೂ ವಾಚಕರಿಗೆ ಅಭಿಪ್ರಾಯವಿರಬಹುದು. ಬರೆದು ತಿಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ. ಕಾರಣವನ್ನೂ, ಹೆಸರನ್ನೂ ಬರೆಯಲು ಮಾತ್ರ ಮರೆಯಬಾರದಾಗಿ ವಿನಂತಿ.